ನಿಗಾ ಇಡಲು ಬಂದ ತಂತ್ರಾಂಶದ ವಸತಿ ಬೇಡಿಕೆಗಳ ಕುರಿತು

ಮಾನ್ಯ ನೆಟ್‌ವರ್ಕ್ ನಿರ್ವಹಣಾ ತಂತ್ರಾಂಶದವರೇ,

ತಾವು ನಮ್ಮ ಆಸ್ಪತ್ರೆಯ ಸರ್ವರ್ ಕೋಣೆಗೆ ದಯಮಾಡಿಸಿದಂದಿನಿಂದ ತಮ್ಮ ಯೋಗಕ್ಷೇಮದ ಹೊರತು ಬೇರೇನನ್ನೂ ವಿಚಾರಿಸಲು ಪುರುಸೊತ್ತಿಲ್ಲದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯ ಆದರದ ವಂದನೆಗಳು. ಹೀಗೆ ಬಹಿರಂಗವಾಗಿ ಬರೆಯುತ್ತಿರುವುದು ತಮ್ಮ ಮಾನ ಕಳೆಯಲಿಕ್ಕಲ್ಲ; ಇಮೇಲ್ ಕಳುಹಿಸುತ್ತಿದ್ದ ಯಂತ್ರವೂ ತಮಗೆ ಜಾಗ ಬಿಟ್ಟು ಮಲಗಿದೆ.

ನಮ್ಮಲ್ಲಿರುವುದು ಒಂದೇ ದೊಡ್ಡ ಸರ್ವರ್. ಅದರೊಳಗೆ, ಒಂದೇ ಮನೆಯಲ್ಲಿ ಅಡ್ಡಗೋಡೆ ಎಬ್ಬಿಸಿಕೊಂಡ ಓರಗಿತ್ತಿಯರಂತೆ, ಟೋಕನ್ ಕೊಡುವುದು, ಔಷಧದಂಗಡಿಯದು, ಎಕ್ಸ್‌ರೇ ಚಿತ್ರಗಳದು, ಲ್ಯಾಬಿನದು ಎಂದು ಹಲವು ವರ್ಚುವಲ್ ಯಂತ್ರಗಳು, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರುಗಳು, ಇದ್ದ ಮೆಮೊರಿಯನ್ನೇ ಹಂಚಿಕೊಂಡು, ಆಗಾಗ ಮುನಿಸಿಕೊಂಡರೂ, ಸಂಸಾರ ತೂಗಿಸುತ್ತಿದ್ದವು. ಯಾವುದು ಯಾವಾಗ ಕೈಕೊಡುತ್ತದೆಂದು ಮೊದಲೇ ತಿಳಿಯಲಿ ಎಂದು ತಮ್ಮನ್ನು ಬರಮಾಡಿಕೊಂಡೆವು. ತಮ್ಮ ಅಗತ್ಯಗಳ ವಿವರವನ್ನು ನಾನು ಓದಿರಲಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಓದಿದ್ದೆ, ಇಷ್ಟೆಲ್ಲ ಕೇಳುವವರು ನಿಜಕ್ಕೂ ತಮಾಷೆ ಮಾಡುತ್ತಿರಬೇಕು ಎಂದುಕೊಂಡಿದ್ದೆ.

ತಾವು ನಿದ್ದೆಯಲ್ಲಿದ್ದರೂ ತಮ್ಮ ಪಾಲಿನ ಮೆಮೊರಿಯನ್ನು ಬೇರೆ ಯಾರೂ ಮುಟ್ಟಬಾರದು, ತಮ್ಮ ಡಿಸ್ಕ್ ತಮಗೊಬ್ಬರಿಗೇ ಇರಬೇಕು, ತಮ್ಮನ್ನು ಇದ್ದಲ್ಲಿಂದ ಅಲುಗಾಡಿಸಬಾರದು ಎಂಬ ತಮ್ಮ ಷರತ್ತುಗಳಲ್ಲಿ ಯಾವುದನ್ನೂ ನಾವು ಮೀರಲಿಲ್ಲ. ಜಾಗ ಸಾಲದೆ ಮೊದಲು ಎಕ್ಸ್‌ರೇ ಚಿತ್ರಗಳ ವರ್ಚುವಲ್ ಯಂತ್ರವನ್ನು ಆಫ್ ಮಾಡಿದೆವು. ಅದು ಉಸಿರಾಡುತ್ತಿಲ್ಲವೆಂದು ತಾವು ತಕ್ಷಣ ಕೆಂಪು ದೀಪ ಹೊತ್ತಿಸಿ, ಎಚ್ಚರಿಕೆಯ ಮೇಲೆ ಎಚ್ಚರಿಕೆ ಬರೆದಿರಿ. ಆ ಎಚ್ಚರಿಕೆಗಳನ್ನು ಕೂಡಿಡಲು ಇನ್ನಷ್ಟು ಜಾಗ ಬೇಕೆಂದಿರಿ. ಔಷಧದಂಗಡಿಯನ್ನು ಆಫ್ ಮಾಡಿದೆವು. ಅದರ ಎಚ್ಚರಿಕೆಗಳಿಗಾಗಿ ಟೋಕನ್ ಹೋಯಿತು. ಕರ್ತವ್ಯನಿಷ್ಠೆಯೆಂದರೆ ಇದೇ ಎಂದು ನಾನು ಬೆರಗಾದೆ. ಕೊನೆಗೆ ಸತ್ತ ಯಂತ್ರಗಳನ್ನೆಲ್ಲ ನಾವು ತಮ್ಮ ಪಟ್ಟಿಯಿಂದ ತೆಗೆದಾಗ ಪರದೆ ಪೂರ್ತಿ ಹಸಿರಾಯಿತು. ನಮ್ಮ ಆಡಳಿತಾಧಿಕಾರಿಗಳು ಅದರ ಮುಂದೆ ನಿಂತು, "ನೋಡಿ ಮೇಡಂ, ಆಸ್ಪತ್ರೆ ಶುರುವಾದಾಗಿನಿಂದ ಇಷ್ಟು ಚೆನ್ನಾಗಿ ಯಾವತ್ತೂ ನಡೆದಿಲ್ಲ" ಎಂದು ಕಣ್ತುಂಬಿಕೊಂಡರು. ಕೆಳಗೆ ರೋಗಿಗಳು ಕೈಮೇಲೆ ಪೆನ್ನಿನಲ್ಲಿ ಟೋಕನ್ ಸಂಖ್ಯೆ ಬರೆಸಿಕೊಳ್ಳುತ್ತಿದ್ದರು.

ಈಗ ಉಳಿದಿರುವುದು ಲ್ಯಾಬಿನ ಯಂತ್ರವೊಂದೇ, ಮತ್ತು ಇಂದು ತಾವು ಅದರ ಜಾಗವನ್ನೂ ಕೇಳಿದ್ದೀರಿ. ನಾಳೆ ಶಸ್ತ್ರಚಿಕಿತ್ಸೆ ಆಗಬೇಕಾದವರ ರಕ್ತದ ವರದಿಗಳೆಲ್ಲ ಅದರೊಳಗಿವೆ. ನಾವೆಲ್ಲ ಲ್ಯಾಬಕ್ಕ ಎಂದು ಕರೆಯುವ ತಂತ್ರಜ್ಞೆ ಮಧ್ಯಾಹ್ನ ನನ್ನ ಬಾಗಿಲಲ್ಲಿ ನಿಂತು, "ಮನೆ ಕಾಯೋಕೆ ಬಂದವರಿಗೆ ಮನೆಯವರನ್ನೆಲ್ಲ ಆಚೆ ಹಾಕಿ ಚಾಪೆ ಹಾಸ್ತಿದ್ದೀರಲ್ಲ, ಒಳಗೆ ಕಾಯೋದಕ್ಕೆ ಏನಿದೆ ಮೇಡಂ?" ಎಂದರು. ಉತ್ತರ ತಮ್ಮಲ್ಲಿರಬಹುದೆಂದು ಪರದೆ ನೋಡಿದೆ. ಹಸಿರಾಗಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ: ತಾವು ಬಳಸದ ಮೆಮೊರಿಯಲ್ಲಿ ಒಂದು ಮೂಲೆಯನ್ನು ಲ್ಯಾಬಿಗೆ ಕೈಗಡವಾಗಿ ಕೊಡಿ, ಸಾಧ್ಯವಾಗದಿದ್ದರೆ ಉಸಿರು ಬಿಗಿಹಿಡಿದು ಸ್ವಲ್ಪ ಒತ್ತರಿಸಿ ಕುಳಿತುಕೊಳ್ಳಿ, ಅದೂ ಆಗದಿದ್ದರೆ ತಾವೇ ಕೆಳಗಿಳಿದು ಬಂದು ರಕ್ತ ಪರೀಕ್ಷೆ ಮಾಡಿಕೊಡಿ. ನೋಡುವುದರಲ್ಲಿ ಇಷ್ಟು ನಿಪುಣರಾದವರಿಗೆ ಸೂಕ್ಷ್ಮದರ್ಶಕ ಕಷ್ಟವಾಗಲಾರದು.

ತಮ್ಮ ಹಸಿರು ದೀಪದ ಬೆಳಕಿನಲ್ಲಿ ಕಣ್ಣು ಕಿರಿದಾಗಿಸಿಕೊಂಡು ಕುಳಿತಿರುವ,
ತಮ್ಮ ವಿಶ್ವಾಸಿ,
ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ

ಮರೆತ ಮಾತು: ಉತ್ತರಕ್ಕೆ ಕಾದು ಸಾಕಾಯಿತು. ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಈ ಪತ್ರದ ಕೆಳಗೇ ಇದನ್ನು ಬರೆದು ಒಳಗೆ ಬರುತ್ತಿದ್ದೇನೆ. ಲ್ಯಾಬಕ್ಕ ಪಕ್ಕದಲ್ಲೇ ಇದ್ದಾರೆ. ತಮ್ಮನ್ನು ಈಗ ಆಫ್ ಮಾಡುವವರಿದ್ದೇವೆ. ಯಾವುದೇ ಯಂತ್ರ ನಿಂತ ಕೂಡಲೇ ನಮಗೆ ತಿಳಿಸುವುದು ತಮ್ಮದೇ ಕರ್ತವ್ಯವಾದ್ದರಿಂದ, ತಾವು ನಿಂತೊಡನೆ ದಯವಿಟ್ಟು ಒಂದು ಎಚ್ಚರಿಕೆ ಕಳುಹಿಸಿ. ಅದನ್ನು ಕೂಡಿಡಲು ಆಗ ಬೇಕಾದಷ್ಟು ಜಾಗವಿರುತ್ತದೆ.