ನಾಗವ್ವನ ಪಾಲಿನ ಆರಾಮು

ಸುಮ್ಮನೆ ಕೂರುವುದು ನೀಲಾಬಾಯಿಯ ಜಾತಕದಲ್ಲೇ ಇರಲಿಲ್ಲ. ಅಂಥವಳ ತಲೆಗೆ ಇಬ್ಬರ ಪಾಲಿನ ಸುಮ್ಮನೆ ಕೂರುವ ಮಹಾವ್ರತ ಬಂದು ಬಿದ್ದಿತ್ತು. ಕಾರಣ ನಾಗವ್ವ.

ಕಾಂದಿವಲಿಯ ಚಾಳಿನಲ್ಲಿ ಇಬ್ಬರದೂ ಒಂದೇ ಗೋಡೆ. ವರ್ಷಗಟ್ಟಲೆ ಒಂದೇ ನಳದ ಮುಂದೆ ಕೊಡ ಹಿಡಿದು ನಿಂತವರು. ನಿಂತಲ್ಲೇ ಒಂದು ಕನಸು ಕಟ್ಟಿದ್ದರು: ಸಮುದ್ರದ ದಂಡೆಯ ರಿಸಾರ್ಟಿನಲ್ಲಿ ಒಂದು ದಿನ, ಒಂದು ಲೋಟವನ್ನೂ ತೊಳೆಯದೆ ಕಾಲು ಚಾಚಿ ಕೂರಬೇಕು. (ಮುಂಬೈಯಲ್ಲಿದ್ದೂ ಅವರು ಸಮುದ್ರ ಕಂಡದ್ದು ಗಣಪತಿ ಬಿಡುವ ದಿನ ಮಾತ್ರ. ಆಗಲೂ ಕಣ್ಣೆಲ್ಲ ಗದ್ದಲದಲ್ಲಿ ತಪ್ಪಿಸಿಕೊಳ್ಳುವ ಮಕ್ಕಳ ಮೇಲೆ.) ಕಳೆದ ಮಳೆಗಾಲ ನಾಗವ್ವ ಆಸ್ಪತ್ರೆ ಸೇರಿದಳು, ಮರಳಲಿಲ್ಲ. ಕೊನೆಗೆ ಗೆಳತಿಯ ಕೈ ಹಿಡಿದು ಹೇಳಿದ್ದು ಇಷ್ಟೇ: “ನೀ ಹೋಗಿ ಬಾ. ನನ್ನ ಪಾಲಿಂದೂ ನೀನ ಕುಂದ್ರು.”

ನೀಲಾಬಾಯಿಯ ಮಗಳು ಶೀತಲ್ ಮನೋರಿ ದಂಡೆಯ ರಿಸಾರ್ಟಿನಲ್ಲಿ ರೂಮು ಹಿಡಿದಳು. “ಅವ್ವಾ, ಕುಛ್ ನಹೀ ಕರನಾ, ಹಾಂ? ಓನ್ಲಿ ರಿಲ್ಯಾಕ್ಸ್,” ಎಂದು ತಾಕೀತು ಮಾಡಿ ಅವ್ವ-ಅಪ್ಪ ಇಬ್ಬರನ್ನೂ ಫೆರಿ ಹತ್ತಿಸಿದಳು.

ಮರುದಿನ ಬೆಳಿಗ್ಗೆ ಗಂಡ ದೇವಾನಂದ ಈಜುವ ರಬ್ಬರ್ ಟೊಪ್ಪಿಗೆಯನ್ನು ಕಿರೀಟದಂತೆ ಧರಿಸಿ ಹೊರಟ.

“ನೋಡ ನೀಲಾ, ನಾ ತಿರುಗಿ ಬರೂತನಕ ಕುರ್ಚಿ ಬಿಟ್ಟ ಏಳಬ್ಯಾಡ.”

“ಕುಂದ್ರಾಕನ ಬಂದೇನ್ರಿ, ಕುಂದರ್ತೇನಿ. ನೀವು ಮುಳುಗಬ್ಯಾಡ್ರಿ ಅಷ್ಟ.”

ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ನೀಲಾಬಾಯಿ ಸಿಂಹಾಸನಾರೂಢಳಾದಳು. ಎದುರಿಗೆ ಸಮುದ್ರ. “ನೋಡವಾ ನಾಗಿ,” ಎಂದು ಪಕ್ಕದ ಖಾಲಿ ಕುರ್ಚಿಯತ್ತ ತಿರುಗಿದಳು. ತಿರುಗಿದ್ದೇ ತಪ್ಪಾಯಿತು. ಕುರ್ಚಿಯಾಚೆ ರೂಮಿನೊಳಗಿನ ಮುದುಡಿದ ಹಾಸಿಗೆ ಕಣ್ಣಿಗೆ ಬಿತ್ತು. ರೂಮು ಸ್ವಚ್ಛ ಮಾಡುವಾಕೆ ಈಗ ಬರುತ್ತಾಳೆ, ಇದನ್ನು ನೋಡಿ ಏನಂದುಕೊಂಡಾಳು? (ಕೆಲಸದ ಬಾಯಿ ಬರುವ ಮೊದಲೇ ಮನೆ ಚೊಕ್ಕ ಮಾಡಿಡುವ ಹೆಂಗಸರಿಗೆ ಈ ಭಯ ವಿವರಿಸಬೇಕಿಲ್ಲ.)

ಹಾಸಿಗೆ ಸರಿಪಡಿಸಿದಳು. ಟವೆಲು ಒಗೆದು, ಹಿಂಡಿ, ಕಂಬಿಯ ಮೇಲೆ ಹರವಿದಳು. ಬಚ್ಚಲು ತಿಕ್ಕಿ ಮುಗಿಸುವಷ್ಟರಲ್ಲಿ ರೂಮು ಸ್ವಚ್ಛ ಮಾಡುವಾಕೆ, ನಿಪ್ಪಾಣಿ ಕಡೆಯ ಶುಭಾಂಗಿ, ಬಕೆಟ್ಟು ಹಿಡಿದು ಒಳಬಂದಳು.

“ಕಾಕೂ, ಇದೇನ್ರಿ! ಎಲ್ಲಾ ನೀವ ಮಾಡಿದ್ರ ನಾ ಏನ್ ಮಾಡ್ಲಿ?”

“ನೀ ಕುಂದ್ರವಾ.”

“ಕುಂದ್ರಾಕ ಇಲ್ಲೆ ಪಗಾರ ಕೊಡಂಗಿಲ್ರಿ.”

“ನನಗರ ಯಾರ ಕೊಡ್ತಾರ? ಕಾಲ ನೋಡ, ಹೆಂಗ ಬಾತಾವ. ಕುಂದ್ರ ಅಂದೆ!”

ಚಾಳಿನ ಮಕ್ಕಳನ್ನೆಲ್ಲ ಅಂಜಿಸಿದ್ದ ದನಿ ಅದು. ಶುಭಾಂಗಿ ಖಾಲಿ ಕುರ್ಚಿಯಲ್ಲಿ ಕುಕ್ಕರಿಸಿದಳು. ನೀಲಾಬಾಯಿ ರೂಮಿನ ಕೆಟಲಿನಲ್ಲಿ ಚಹಾ ಮಾಡಿಕೊಟ್ಟಳು. ಗಾಳಿ ಬೀಸಿತೆಂದು ತನ್ನ ಜರಿಯಂಚಿನ ಶಾಲನ್ನು ಅವಳ ಕುತ್ತಿಗೆಯವರೆಗೆ ಹೊದಿಸಿದಳು. ಅರ್ಧ ಕಪ್ಪು ಮುಗಿಯುವ ಮೊದಲೇ ಶುಭಾಂಗಿ ಗೊರಕೆ ಹೊಡೆಯತೊಡಗಿದಳು. ಕಾಲು ಚಾಚಿ, ಬಾಯಿ ತೆರೆದು, ಲೋಕದ ಪರಿವೆಯಿಲ್ಲದೆ. ನೀಲಾಬಾಯಿ ಬಹಳ ಹೊತ್ತು ಅವಳನ್ನೇ ನೋಡುತ್ತ ನಿಂತಳು. ಕಣ್ಣು ಒರೆಸಿಕೊಂಡಳು. ಒರೆಸುವುದಕ್ಕೆ ಹೇಗೂ ಕೈ ಹಾಕಿದ್ದಾಗಿದೆ ಎಂದು, ಸೀರೆ ಎತ್ತಿ ಕಟ್ಟಿ ನೆಲವನ್ನೂ ಒರೆಸತೊಡಗಿದಳು.

ಆಗ ಸೂಪರ್‌ವೈಸರ್ ಇಣುಕಿದ. ಬಾಲ್ಕನಿಯಲ್ಲಿ ಶಾಲು ಹೊದ್ದು ಮಲಗಿದ ಹೆಂಗಸು. ನೆಲದ ಮೇಲೆ ಒದ್ದೆ ಬಟ್ಟೆ ಹಿಡಿದ ಇನ್ನೊಬ್ಬಳು.

“ನಯೀ ಹೈ ಕ್ಯಾ? ಯೂನಿಫಾರ್ಮ್ ಕಹಾಂ ಹೈ?” ಎಂದು ನೀಲಾಬಾಯಿಯನ್ನು ಹೊಸ ಕೆಲಸದವಳೆಂದೇ ಗದರಿದವನು, ಮಲಗಿದ ‘ಮೇಡಮ್’ ಏಳದಿರಲೆಂದು ದನಿ ತಗ್ಗಿಸಿದ, “ಆವಾಜ್ ಮತ್ ಕರ್, ಮೇಡಮ್ ಸೋ ರಹೀ ಹೈ.”

ನೀಲಾಬಾಯಿ ಬಾಯಿ ತೆರೆದಳು. ನಿಜ ಹೇಳಿದರೆ ಆ ಹುಡುಗಿ ಏಳಬೇಕು, ಪ್ರಾಯಶಃ ಕೆಲಸವೂ ಬಿಡಬೇಕು. ಬಾಯಿ ಮುಚ್ಚಿ, ಯೂನಿಫಾರ್ಮು ನಾಳೆ ಹಾಕಿಕೊಂಡು ಬರುವೆನೆನ್ನಲು ಮತ್ತೆ ತೆರೆದಳು:

“ಕಲ್ ಪೆಹೆನ್ ಕೆ ಆತೀ, ಸಾಹೇಬ್.”

“ಠೀಕ್ ಹೈ. ಅಬ್ ಬಾಜೂವಾಲಾ ರೂಮ್ ಕರ್, ಜಲ್ದಿ.”

ಬಕೆಟ್ಟು ಎತ್ತಿಕೊಂಡು ಹೊರಬಂದರೆ ಎದುರಿಗೆ ನೀರು ಸುರಿಸುತ್ತ ದೇವಾನಂದ.

“ಏ! ಎಲ್ಲಿ ಹೊಂಟಿ?”

“ಬಾಜೂ ರೂಮಿಗೆ. ನೀವು ಒಳಗ ಸಪ್ಪಳ ಮಾಡಬ್ಯಾಡ್ರಿ. ನಮ್ಮಾಕಿ ಈಗರ ಒಂಚೂರ ಕುಂತಾಳ.”

ದೇವಾನಂದ ಏನೋ ಕೇಳಲು ಹೋದ. ಅಷ್ಟರಲ್ಲಿ ಈ ಹರಟೆ ಕಂಡ ಸೂಪರ್‌ವೈಸರ್ ಹಿಂದಿನಿಂದ ಗುಡುಗಿದ:

“ಓ ಬಾಯೀ! ಗೆಸ್ಟ್ ಲೋಗ್ ಸೆ ಗಪ್ಪೇ ನಹೀ ಮಾರನಾ!”