ಕಂಪ್ಯೂಟರಿಗೆ ಬಂದ ಚೆಕಿಂಗ್ ಇನ್ಸ್‌ಪೆಕ್ಟರ್

“ಇವತ್ತಿಂದ ನನ್ನ ಅಪ್ಪಣೆ ಇಲ್ದೆ ಒಂದು ಸೊಳ್ಳೆನೂ ಈ ಕಂಪ್ಯೂಟರ್ ಒಳಕ್ಕೆ ಹೋಗಂಗಿಲ್ಲ, ಹೊರಕ್ಕೂ ಬರಂಗಿಲ್ಲ!”

ಶುಕ್ರವಾರ ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆ ಕೂತು ಪಾಲಣ್ಣನವರು ಹೀಗೊಂದು ಘೋಷಣೆ ಹೊರಡಿಸಿದಾಗ, ಅವರ ಹೆಂಡತಿ ಹೇಮಾವತಿ ಎರಡನೆಯ ಸೌಟು ಉಪ್ಪಿಟ್ಟು ಬಡಿಸುತ್ತಿದ್ದರು. “ಸೊಳ್ಳೆ ಕಾಟ ಇರೋದು ಬಚ್ಚಲ ಹತ್ರ. ಮೊದಲು ಅಲ್ಲಿಗೆ ಏನಾರ ಹೊಡಿರಿ” ಎಂದಷ್ಟೇ ಹೇಳಿ ಒಳಗೆ ಹೋದರು.

ಪಾಲಣ್ಣನವರು ಯಾರೆಂದು ಜಗಳೂರಿನಲ್ಲಿ ಕೇಳುವಂತಿಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ತಾಲ್ಲೂಕಿನ ರಸ್ತೆಗಳಲ್ಲಿ ಅವರು ಕೈ ಅಡ್ಡ ಹಿಡಿದು ನಿಲ್ಲಿಸದ ಬಸ್ಸಿಲ್ಲ. ಸಾಸ್ವೆಹಳ್ಳಿ ಕ್ರಾಸಿನಲ್ಲಿ ಬುಟ್ಟಿಯೊಳಗಿನ ಕೋಳಿಗೂ ಟಿಕೆಟ್ ಕೇಳಿದ ಮಹಾನುಭಾವರು. ಅದಿರಲಿ, ಕೆರೆಬಿಳಚಿಯ ಹತ್ತಿರ ಟಿಕೆಟ್ ಕಳೆದುಕೊಂಡು ಕೂತಿದ್ದ ಒಬ್ಬ ಮುದುಕರಿಗೆ ದಂಡ ಹಾಕಿದರಲ್ಲ, ಆ ಮುದುಕರು ಅವರ ಸ್ವಂತ ಮಾವ! ಆಮೇಲೆ ಮೂರು ವರ್ಷ ಯುಗಾದಿಗೆ ಅತ್ತೆಮನೆಯಿಂದ ಒಂದು ಟವೆಲ್ಲೂ ಬರಲಿಲ್ಲ.

ಇಂಥವರ ತಲೆಗೆ ಕಂಪ್ಯೂಟರಿನ ಕಾವಲು ಹೊಕ್ಕಿದ್ದಕ್ಕೆ ಕಾರಣ ಅವರ ಹಳೆಯ ಸಹೋದ್ಯೋಗಿ ಯರ್ರಿಸ್ವಾಮಿ. ಹಿಂದಿನ ಸಂಜೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಪಾಲಣ್ಣ, “ಪೇಪರ್‌ನಾಗೆ ಬರ್ದವ್ರೆ, ಮನೆ ಕಂಪ್ಯೂಟರಿಗೂ ಫೈರ್‌ವಾಲ್ ಅಂತ ಒಂದು ಸಾಫ್ಟ್‌ವೇರ್ ಹಾಕಿಸ್ಬೇಕಂತೆ. ಕಳ್ಳರು ನೆಟ್‌ನಾಗೇ ಬರ್ತಾರಂತೆ” ಎಂದಿದ್ದರು.

ಯರ್ರಿಸ್ವಾಮಿ ನಕ್ಕುಬಿಟ್ಟರು. “ನಿಮ್ಮನೆಗೆ ರೌಟರ್ ಐತಲ್ಲೋ ಮಾರಾಯ? ಗೋಡೆಗೆ ಹಸಿರು ದೀಪ ಹಚ್ಕೊಂಡು ಕುಂತಿರ್ತದಲ್ಲ ಡಬ್ಬಿ, ಅದೇ ಕಂಡಕ್ಟರ್ ಇದ್ದಂಗೆ. ಕರೀದೆ ಬಂದೋರನ್ನ ಅದೇ ಹತ್ತಿಸ್ಕೊಳ್ಳಲ್ಲ. ಇನ್ನೊಂದು ಚೆಕಿಂಗ್ ಯಾಕೆ, ದಂಡಕ್ಕೆ!”

ದಂಡಕ್ಕೆ! ಆ ಮಾತು ಪಾಲಣ್ಣನವರ ಎದೆಗೇ ನಾಟಿತು. ಕಂಡಕ್ಟರ್ ಇದ್ದ ಮೇಲೆ ಚೆಕಿಂಗ್ ದಂಡ ಎನ್ನುವುದಾದರೆ ತಾವು ಮೂವತ್ತೆರಡು ವರ್ಷ ಬಿಸಿಲಲ್ಲಿ ನಿಂತದ್ದು ಯಾವ ಪುರುಷಾರ್ಥಕ್ಕೆ? “ನೀನೂ ಚೆಕಿಂಗ್‌ನಾಗೆ ಇದ್ದೋನೇ ಅಲ್ವೇನೋ? ಉಂಡ ಮನೆಗೆ ಎರಡು ಬಗೀಬೇಡ!” ಎಂದು ಗುಡುಗಿ, ಅರ್ಧ ಲೋಟ ಚಹಾ ಬಿಟ್ಟು ಎದ್ದು ಬಂದಿದ್ದರು. ಪಾಲಣ್ಣ ಚಹಾ ಬಿಟ್ಟು ಎದ್ದದ್ದನ್ನು ಆ ಹೋಟೆಲಿನವರು ಅದೇ ಮೊದಲು ಕಂಡದ್ದು.

ಈ ಕಡೆ ಮನೆಯಲ್ಲಿ ಬೇರೆಯೇ ಸಂಭ್ರಮವಿತ್ತು. ಭಾನುವಾರ ಹನ್ನೊಂದು ಗಂಟೆಗೆ ಹೇಮಾವತಿಯವರ ಕ್ಲಾಸು. ನಮ್ಮ ಕಡೆ ಮೆಕ್ಕೆಜೋಳ ಬೆಳೆಯುವವರು ಊರು ತುಂಬ ಇದ್ದಾರೆ, ಆದರೆ ಬೆಳೆದದ್ದೆಲ್ಲ ಲಾರಿ ಹತ್ತಿ ಕೋಳಿಗಳ ಹೊಟ್ಟೆಗೆ ಹೋಗುತ್ತದೆ. ಹೇಮಾವತಿ ಅದರಲ್ಲಿ ವಡೆ, ಉಂಡೆ, ಚಕ್ಕುಲಿ ಎಲ್ಲ ಮಾಡುತ್ತಿದ್ದರು. ಅವರ ವಡೆಯ ರುಚಿ ಹೇಗೋ ಚನ್ನಗಿರಿಯ ಮಹಿಳಾ ಸಂಘದ ರೂಪಶ್ರೀಯವರಿಗೆ ಸಿಕ್ಕಿ, “ನಾಲ್ಕು ತಾಲ್ಲೂಕಿನ ನಲವತ್ತು ಜನ ಹೆಣ್ಮಕ್ಕಳು ಸೇರ್ತಾರೆ. ಕಂಪ್ಯೂಟರಿನಲ್ಲೇ ಕಲಿಸಿಕೊಡಿ ಮೇಡಂ” ಎಂದು ಕೇಳಿಕೊಂಡಿದ್ದರು. ಮೇಡಂ! ಮೂವತ್ತು ವರ್ಷ ಒಲೆಯ ಮುಂದೆ ನಿಂತವರನ್ನು ‘ಉಪ್ಪು ಕಮ್ಮಿ’ ಎಂದವರಿದ್ದರೇ ವಿನಾ, ಮೇಡಂ ಎಂದು ಕಲಿಯಲು ಬಂದವರು ಯಾರೂ ಇರಲಿಲ್ಲ. ಎಂಟು ದಿನದಿಂದ ಹೇಮಾವತಿ ಸಾರಿಗೆ ಒಗ್ಗರಣೆ ಹಾಕುವಾಗಲೂ “ಎಲ್ಲರಿಗೂ ನಮಸ್ಕಾರ, ನಾನು ಹೇಮಾವತಿ” ಎಂದು ಒಗ್ಗರಣೆಗೇ ಹೇಳಿ ಅಭ್ಯಾಸ ಮಾಡುತ್ತಿದ್ದರು.

“ಮಗಳು ಗಂಗೋತ್ರಿ ಬಂದಾಗ ಆ ವಿಡಿಯೋ ಮೀಟಿಂಗಿಂದು ಹಾಕಿಕೊಟ್ಟು ಹೋಗ್ಯಾಳೆ. ನೀವೇನೂ ಮುಟ್ಟಾಕೆ ಹೋಗ್ಬೇಡ್ರಿ” ಎಂದು ಅವರು ಗಂಡನಿಗೆ ಎರಡು ಸಲ ಹೇಳಿದ್ದರು.

“ನಿನ್ನ ಕ್ಲಾಸಿಗೆ ಅಂತಲೇ ಕಾವಲು ಹಾಕ್ತಿರೋದು ಕಣೆ! ಮಧ್ಯದಾಗೆ ಯಾವನಾರ ಕಳ್ಳ ನುಗ್ಗಿ ನಿನ್ನ ವಡೆ ಗುಟ್ಟು ಕದ್ರೆ?”

“ಕದೀಲಿ ಬಿಡ್ರಿ. ನಾನು ಹೇಳಿಕೊಡಾಕೇ ಕುಂತೀನಿ!”

ಇಷ್ಟು ಸರಳವಾದ ಮಾತು ಒಬ್ಬ ಮಾಜಿ ಇನ್ಸ್‌ಪೆಕ್ಟರಿಗೆ ಅರ್ಥವಾಗುವುದುಂಟೇ? ಮಧ್ಯಾಹ್ನದ ಹೊತ್ತಿಗೆ ಪುಕ್ಕಟೆ ಸಿಕ್ಕ ಒಂದು ಫೈರ್‌ವಾಲ್ ಕಂಪ್ಯೂಟರಿನಲ್ಲಿ ಬಂದು ಕೂತಿತು. ಜೊತೆಗೆ ಅದರ ತಮ್ಮನೊಬ್ಬ ಪಾಲಣ್ಣನವರ ಮೊಬೈಲಿನಲ್ಲೂ ಬಿಡಾರ ಹೂಡಿದ. ಎಷ್ಟು ಬಿಗಿ ಬೇಕು ಎಂದು ಅದು ಕೇಳಿತು. ಎಲ್ಲಕ್ಕಿಂತ ಮೇಲಿನದನ್ನೇ ಒತ್ತಿದರು. ಹಾಗೆಂದರೆ, ಕಂಪ್ಯೂಟರಿನಿಂದ ಯಾವ ಸಾಫ್ಟ್‌ವೇರ್ ಹೊರಗಿನ ನೆಟ್‌ಗೆ ಹೊರಟರೂ ಮೂಲೆಯಲ್ಲಿ ಒಂದು ಕೆಂಪು ಚೌಕ ಎದ್ದು ನಿಂತು, ‘ಬಿಡಲೇ, ತಡೆಯಲೇ?’ ಎಂದು ಯಜಮಾನರ ಅಪ್ಪಣೆ ಕೇಳುತ್ತದೆ.

ಆಹಾ! ರಿಟೈರ್ ಆಗಿ ನಾಲ್ಕು ವರ್ಷದ ಮೇಲೆ ಪಾಲಣ್ಣನವರಿಗೆ ಮತ್ತೆ ಡ್ಯೂಟಿ ಸಿಕ್ಕಿತು! ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಮೊದಲ ಚೌಕ ಬಂತು. ಏನೋ ಉದ್ದದ ಇಂಗ್ಲಿಷ್ ಹೆಸರು.

“ಯಾವೂರಪ್ಪ ನಿಂದು? ಗುರುತಿಲ್ಲ. ಇಳಿ ಕೆಳಗೆ!” ತಡೆ ಒತ್ತಿದರು. ಎರಡನೆಯದು ಬಂತು. “ನಿನ್ನ ಮುಖ ನೋಡಿದ್ರೇ ಗೊತ್ತಾಗ್ತೈತೆ. ಇಳಿ!” ಮೂರನೆಯದರ ಹೆಸರಿನ ಕೊನೆಗೆ ಅಂಕಿಗಳಿದ್ದವು. ಅಂಕಿ ಇಟ್ಟುಕೊಂಡವರು ಸಭ್ಯರಾಗಿರಲು ಸಾಧ್ಯವೇ ಇಲ್ಲ! ಅದೂ ಇಳಿಯಿತು. ಪ್ರತಿ ಸಲವೂ ಕೆಳಗೆ ‘ಈ ತೀರ್ಮಾನ ನೆನಪಿಡು’ ಎಂಬ ಸಣ್ಣ ಚೌಕಕ್ಕೆ ಗುರುತು ಹಾಕುವುದನ್ನು ಅವರು ಮರೆಯಲಿಲ್ಲ. ಒಮ್ಮೆ ಇಳಿಸಿದವನು ಮುಂದಿನ ಸ್ಟಾಪಿನಲ್ಲಿ ಹತ್ತಬಾರದು ನೋಡಿ!

ಶನಿವಾರ ಸಂಜೆ ಯರ್ರಿಸ್ವಾಮಿಗೆ ಫೋನು ಹೋಯಿತು. “ಒಂದೂವರೆ ದಿನಕ್ಕೆ ಅರವತ್ಮೂರು ಕೇಸ್ ಕಣೋ! ನಿನ್ನ ಕಂಡಕ್ಟರ್ ಇವರನ್ನೆಲ್ಲ ಸುಮ್ನೆ ಕರ್ಕೊಂಡು ಓಡಾಡ್ತಿದ್ದ!”

ಭಾನುವಾರ ಬಂತು. ಹೇಮಾವತಿ ಬೆಳಿಗ್ಗೆ ಬೇಗನೆ ತಲೆ ಬಾಚಿ, ಮಗಳ ಮದುವೆಗೆ ತೆಗೆದಿದ್ದ ಹಸಿರು ಸೀರೆ ಉಟ್ಟು, ಕಂಪ್ಯೂಟರಿನ ಎದುರು ಮೇಜು ಹಾಕಿ ಗ್ಯಾಸ್ ಒಲೆ, ಬಾಂಡ್ಲೆ, ಹಿಟ್ಟಿನ ಪಾತ್ರೆ ಸಾಲಾಗಿ ಜೋಡಿಸಿದರು. ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಇರುವಾಗ ಪಾಲಣ್ಣ ಗತ್ತಿನಿಂದ ಮೀಟಿಂಗ್ ಒತ್ತಿದರು. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

“ಏನ್ರಿ ಅದು?”

“ಬರ್ತೈತೆ ತಡಿ. ದೂರದ್ದು, ನಾಲ್ಕು ತಾಲ್ಲೂಕಿಂದ ಬರ್ಬೇಕಲ್ಲ.”

ಬರಲಿಲ್ಲ. ‘ಸಂಪರ್ಕ ಇಲ್ಲ’ ಎಂದಿತು. ಗೋಡೆಯ ಮೇಲೆ ರೌಟರ್ ಮಾತ್ರ ಹಸಿರು ದೀಪ ಮಿಟುಕಿಸುತ್ತಾ ನೆಮ್ಮದಿಯಿಂದಿತ್ತು. ಪಾಲಣ್ಣ ಅದರ ವೈರ್ ಕಿತ್ತು ಮತ್ತೆ ಹಾಕಿದರು. ನೆತ್ತಿಗೆ ಎರಡು ತಟ್ಟಿದರು. “ನೋಡಿದ್ಯಾ ಕಂಡಕ್ಟರ್ ಕೆಲಸ!” ಎಂದು ಬೈದರು. ತಮ್ಮ ಮೊಬೈಲಿನಲ್ಲಿ ನೋಡಿದರೆ ಅಲ್ಲೂ ಅದೇ ಚಕ್ರ. ಹೇಮಾವತಿಯವರದ್ದು ಗುಂಡಿ ಒತ್ತುವ ಫೋನು, ಅದರಲ್ಲಿ ಮಾತು ಬಿಟ್ಟರೆ ಇನ್ನೇನೂ ಇಲ್ಲ.

ಕಂಪ್ಯೂಟರ್ ಅಂಗಡಿಯ ಕೆಂಚೇಶನಿಗೆ ಫೋನು ಹಚ್ಚಿದರು. ಅವನು, “ಗಾಬರಿಯಾಗ್ಬೇಡ್ರಿ ಸರ್. ನಾನು ಇಲ್ಲಿಂದಲೇ ನಿಮ್ಮ ಕಂಪ್ಯೂಟರ್ ಒಳಗೆ ಬಂದು ನೋಡ್ತೀನಿ. ನಾನೇ ಹಾಕಿಕೊಟ್ಟಿರೋ ನೀಲಿ ಗುರುತು ಐತಲ್ಲ, ಅದನ್ನ ಒತ್ರಿ” ಎಂದ. ಒತ್ತಿದರು. ತಕ್ಷಣ ಮೂಲೆಯಲ್ಲಿ ಕೆಂಪು ಚೌಕ ಎದ್ದಿತು. ಮೂವತ್ತೆರಡು ವರ್ಷದ ಅಭ್ಯಾಸ! ತಲೆ ಯೋಚಿಸುವ ಮೊದಲೇ ಬೆರಳು ‘ತಡೆ’ಯ ಮೇಲೆ ಬಿದ್ದಿತ್ತು.

“ಸರ್, ಏನ್ ಮಾಡಿದ್ರಿ?”

“ಯಾವನೋ ಒಳಗೆ ನುಗ್ಗಾಕೆ ನೋಡ್ತಿದ್ದ. ಇಳಿಸ್ದೆ!”

“ಅದು ನಾನು ಸರ್! ನಾನೇ!”

“ನೀನಾ? ಹೆಸರು ಬೇರೆ ಇತ್ತಲ್ಲಪ್ಪ!”

ಆ ಕಡೆ ಕೆಂಚೇಶ ಒಂದು ದೀರ್ಘ ಉಸಿರು ಬಿಟ್ಟು, “ಏನೂ ಮುಟ್ಬೇಡ್ರಿ, ಗಾಡಿ ತಗೊಂಡು ಬರ್ತೀನಿ. ಅರ್ಧ ಗಂಟೆ ಆಗುತ್ತೆ” ಎಂದ. ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ಪಾಲಣ್ಣ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. ಬೈಗುಳಕ್ಕೆ ತಯಾರಾಗಿಯೇ ತಿರುಗಿದ್ದರು. ಹೇಮಾವತಿ ಬೈಯಲಿಲ್ಲ. ಕಲಸಿಟ್ಟ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, “ಬಿಡ್ರಿ. ನಮ್ಮಂಥೋರಿಗೆ ಯಾಕೆ ಬೇಕಿತ್ತು ಇದೆಲ್ಲ” ಎಂದರು. ಕಣ್ಣಲ್ಲಿ ನೀರು ತುಂಬಿತ್ತು. ಊರಿನವರ ಬೈಗುಳವನ್ನೆಲ್ಲ ಜೀವಮಾನವಿಡೀ ಅರಗಿಸಿಕೊಂಡಿದ್ದ ಮನುಷ್ಯನಿಗೆ ಆ ಒಂದು ‘ಬಿಡ್ರಿ’ಯನ್ನು ಅರಗಿಸಿಕೊಳ್ಳಲಾಗಲಿಲ್ಲ.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಮೂಕಮ್ಮನ ಧ್ವನಿ ಬಂತು. ಹೆಸರು ಮಾತ್ರ ಮೂಕಮ್ಮ, ಧ್ವನಿ ಬಸ್‌ಸ್ಟ್ಯಾಂಡಿನ ಮೈಕಿನದು. “ಅಕ್ಕಾ! ಯಾಕಿನ್ನೂ ಶುರು ಆಗ್ಲಿಲ್ಲ? ಫೋನ್‌ನಾಗೆ ಅಷ್ಟೂ ಜನ ಹೆಣ್ಮಕ್ಳು ಬಂದು ಕುಂತವ್ರೆ, ನೀನೊಬ್ಬಳೇ ಇಲ್ಲ!”

ಪಾಲಣ್ಣ ಕಿಟಕಿಗೆ ಹಾರಿದರು. “ನಿಮಗೆ ಕಾಣ್ತೈತಾ? ನಿಮಗೆ ನೆಟ್ ಎಲ್ಲಿಂದ ಬಂತು?”

ಮೂಕಮ್ಮ ಜೀವನದಲ್ಲಿ ಮೊದಲ ಸಲ ಹೆಸರಿಗೆ ತಕ್ಕಂತೆ ಸುಮ್ಮನಾದರು. ಆಮೇಲೆ ಮೆಲ್ಲಗೆ, “ನಿಮ್ದೇ ಅಣ್ಣ. ಹೆಪ್ಪಿಗೆ ಮಜ್ಜಿಗೆ ಈಸ್ಕೊಳ್ಳಾಕೆ ಬಂದಾಗ ಅಕ್ಕ ಪಾಸ್‌ವರ್ಡೂ ಬರ್ಕೊಟ್ಟಿತ್ತು. ಎರಡು ವರ್ಷ ಆತು” ಎಂದರು.

ಎರಡು ವರ್ಷ! ಟಿಕೆಟ್ ಇಲ್ಲದೆ! ಇನ್ಸ್‌ಪೆಕ್ಟರರ ಸ್ವಂತ ಬಸ್ಸಿನಲ್ಲಿ! ಪಾಲಣ್ಣನವರ ಬಲಗೈ ತಾನಾಗಿಯೇ ಜೇಬಿನಲ್ಲಿ ರಸೀದಿ ಪುಸ್ತಕ ಹುಡುಕಿತು.

“ದಂಡ ಆಮೇಲೆ ಹಾಕೀರಂತೆ!” ಹೇಮಾವತಿ ಆಗಲೇ ಕಣ್ಣೊರೆಸಿಕೊಂಡು ಸೆರಗು ಸಿಕ್ಕಿಸಿದ್ದರು. “ಆ ಬಾಂಡ್ಲೆ ಎತ್ಕೊಳ್ರಿ. ಎಣ್ಣೆ ಹುಷಾರು!”

ನಾಲ್ಕು ತಾಲ್ಲೂಕಿನ ಡ್ರೈವರುಗಳನ್ನು ನಡುಗಿಸಿದ ಪಾಲಣ್ಣನವರು ಎರಡೂ ಕೈಯಲ್ಲಿ ಎಣ್ಣೆ ಬಾಂಡ್ಲೆ ಹಿಡಿದು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಪಕ್ಕದ ಮನೆಗೆ ಹೊರಟದ್ದನ್ನು ಬೀದಿಗೆ ಬೀದಿಯೇ ನೋಡಿತು. ನೋಡಿದವರಲ್ಲಿ ಆರೇಳು ಹೆಂಗಸರು ಹಿಂದೆಯೇ ಬಂದು ಮೂಕಮ್ಮನ ಅಡುಗೆಮನೆ ತುಂಬಿಕೊಂಡರು. ಹಿಟ್ಟಿನ ಡಬ್ಬಕ್ಕೆ ಮೊಬೈಲು ಒರಗಿಸಿ, ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ “ಎಲ್ಲರಿಗೂ ನಮಸ್ಕಾರ, ನಾನು ಹೇಮಾವತಿ” ಎಂಬ ಮಾತು ನಾಲ್ಕೂ ತಾಲ್ಲೂಕಿಗೆ ಹೊರಟಿತು. ಹೊರಟದ್ದು ಪಾಲಣ್ಣನವರದೇ ರೌಟರಿನಿಂದ, ಯಾವ ಚೆಕಿಂಗೂ ಇಲ್ಲದೆ!

ಕೆಂಚೇಶ ಬಂದು ಕಂಪ್ಯೂಟರ್ ನೋಡಿ ಹಣೆ ಚಚ್ಚಿಕೊಂಡ. “ಮೀಟಿಂಗಿಂದೂ ತಡ್ದೀರಿ, ಬ್ರೌಸರೂ ತಡ್ದೀರಿ, ಕಂಪ್ಯೂಟರ್ ತನ್ನ ಗಡಿಯಾರ ಸರಿ ಮಾಡ್ಕೊಳ್ಳೋದನ್ನೂ ಬಿಟ್ಟಿಲ್ಲ! ಇದನ್ನ ಹಾಕಾಕೆ ಯಾರು ಹೇಳಿದ್ರು ಸರ್?”

“ಮೊದಲು ಒಂದು ಹೇಳಪ್ಪ. ರೌಟರ್ ಒಂದೇ ಸಾಕಾ, ಫೈರ್‌ವಾಲೂ ಬೇಕಾ?” ಪಾಲಣ್ಣ ಉಸಿರು ಬಿಗಿಹಿಡಿದು ಕೇಳಿದರು.

“ರೌಟರ್ ಒಂದೇ ಸಾಲಲ್ಲ ಸರ್. ಹೊರಗಿನೋರನ್ನ ಅದು ತಡೀತೈತೆ. ಆದ್ರೆ ಮನೆಯೊಳಗಿನ ಇನ್ನೊಂದು ಫೋನಿಗೆ ಏನಾರ ರೋಗ ಬಂದಿದ್ರೆ? ಅದಕ್ಕೆ ಕಂಪ್ಯೂಟರ್‌ನಾಗೂ ಒಂದು ಕಾವಲು ಬೇಕು.”

“ಹಂಗನ್ನು!” ಪಾಲಣ್ಣ ತೊಡೆ ತಟ್ಟಿದರು. “ಆ ಯರ್ರಿಸ್ವಾಮಿಗೆ ಈಗಲೇ ಫೋನ್ ಮಾಡಿ ಹೇಳಪ್ಪ!”

“ಪೂರ್ತಿ ಕೇಳ್ರಿ. ಅಂಥದ್ದು ನಿಮ್ಮ ಕಂಪ್ಯೂಟರ್‌ನಾಗೆ ಕೊಂಡ ದಿನದಿಂದಲೂ ಐತೆ. ನೀವು ಇದನ್ನ ತಂದು ಕೂರಿಸಿದ್ರಲ್ಲ, ಆಗ ಪಾಪ ಅದು ಪಕ್ಕಕ್ಕೆ ಸರೀತು.”

“ಕೊಂಡ ದಿನದಿಂದಲೂ? ಮತ್ತೆ ಒಂದು ದಿನಾನೂ ನನ್ನ ಕಣ್ಣಿಗೆ ಬಿದ್ದಿಲ್ಲವಲ್ಲೋ!”

“ಅದು ಬಸ್ ನಿಲ್ಲಿಸದೇನೇ ಚೆಕ್ ಮಾಡ್ತಿತ್ತು ಸರ್.”

ಕೆಂಚೇಶ ಹೊಸಬನನ್ನು ಕಂಪ್ಯೂಟರು, ಮೊಬೈಲು ಎರಡರಿಂದಲೂ ಕಿತ್ತು ಹಳಬನನ್ನು ಕೆಲಸಕ್ಕೆ ಹಚ್ಚಿ ಹೋದ ಮೇಲೆ, ಪಾಲಣ್ಣ ತಲೆ ತಗ್ಗಿಸಿಕೊಂಡು ಪಕ್ಕದ ಮನೆಯ ಬಾಗಿಲಲ್ಲಿ ನಿಂತರು. ಒಳಗೆ ಜಾತ್ರೆ! ವಡೆಗಳು ಹೊಂಬಣ್ಣಕ್ಕೆ ಉಬ್ಬುತ್ತಿದ್ದವು. ಬೀದಿಯ ಹೆಂಗಸರು ಪ್ರಶ್ನೆ ಕೇಳುತ್ತಿದ್ದರು, ಫೋನಿನೊಳಗಿನ ಹೆಂಗಸರು ನಗುತ್ತಿದ್ದರು, ಮುಖದಲ್ಲಿ ಬೆವರಿಳಿಯುತ್ತಿದ್ದ ಹೇಮಾವತಿ ಎಷ್ಟು ಚೆಂದ ಕಾಣುತ್ತಿದ್ದರೆಂದರೆ, ಪಾಲಣ್ಣ ಒಂದು ಕ್ಷಣ ತಮ್ಮ ತಪ್ಪನ್ನೂ ಮರೆತರು.

“ಹೇಮಾವತಿ ಮೇಡಂ, ಇಷ್ಟು ಚೆನ್ನಾಗಿ ಏರ್ಪಾಡು ಮಾಡಿದವರು ಯಾರು? ನಿಮ್ಮ ಯಜಮಾನರು ಸಹಾಯ ಮಾಡಿದ್ರಾ?” ಫೋನಿನಿಂದ ರೂಪಶ್ರೀ ಕೇಳಿದರು.

ಹೇಮಾವತಿ ಬಾಗಿಲ ಕಡೆ ಒಮ್ಮೆ ನೋಡಿದರು. “ಮಾಡಿದ್ರು ರೀ. ನಾನು ಒಬ್ಬಳೇ ಮನೆಯಾಗೆ ಕುಂತು ಮಾಡ್ಬೇಕಿತ್ತು. ಹಿಂಗೆ ಎಲ್ಲರ ಜೊತೆ ಕೂಡಿ ಮಾಡೋ ಹಂಗೆ ಮಾಡಿದ್ದೇ ಅವರು” ಎಂದರು. ನಲವತ್ತು ಜನ ಚಪ್ಪಾಳೆ ತಟ್ಟಿದರು. ಪಾಲಣ್ಣ ಬಾಗಿಲ ಮರೆಗೆ ಸರಿದು ಟವೆಲಿನಿಂದ ಮುಖ ಒರೆಸಿಕೊಂಡರು.

ಕ್ಲಾಸು ಮುಗಿದ ಮೇಲೆ ಹೇಮಾವತಿ ಬಿಸಿ ವಡೆಯೊಂದನ್ನು ತಂದು ಅವರ ಕೈಗಿಟ್ಟರು. “ಮುಂದಿನ ಭಾನುವಾರ ಉಂಡೆ ಕಲಿಸ್ಬೇಕಂತೆ. ಈ ಸಲ ನಮ್ಮನೆ ಕಂಪ್ಯೂಟರ್‌ನಾಗೇ. ಬೀದಿಯೋರೂ ಅಲ್ಲಿಗೇ ಬರ್ತಾರೆ.”

“ನಾನೇನು ಮಾಡ್ಲಿ ಹೇಳು! ಏನು ಹೇಳಿದ್ರೂ ಮಾಡ್ತೀನಿ.”

“ಹನ್ನೊಂದರಿಂದ ಹನ್ನೆರಡೂವರೆ ತನಕ ಕಂಪ್ಯೂಟರ್ ಪಕ್ಕದಾಗೆ ಕುಂತ್ಕೊಂಡು, ಏನೂ ಮಾಡಬಾರದು.”

ಪಾಲಣ್ಣ ವಡೆ ಕಚ್ಚಲು ಹೋದವರು ಹಾಗೇ ನಿಂತರು. ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಇಷ್ಟು ಕಷ್ಟದ ಡ್ಯೂಟಿಯನ್ನು ಯಾವ ಮೇಲಧಿಕಾರಿಯೂ ಅವರಿಗೆ ಹಾಕಿರಲಿಲ್ಲ.