ಯೋರಾನ್ ಮತ್ತು ನನ್ನ ನಡುವಿನ ಆಕಾಶ

ನಾನು ಹುಟ್ಟಾ ಅನುಮಾನದವಳು. ಬಸ್ಸಿನ ಬೋರ್ಡು ಓದಿ, ಡ್ರೈವರನ್ನು ಕೇಳಿ, ಹತ್ತಿ ಕೂತ ಮೇಲೆ ಪಕ್ಕದವರನ್ನೂ ಒಮ್ಮೆ ಕೇಳುವ ಪೈಕಿ. ಕಾರ್ಕಳದಲ್ಲಿ ಈ ಗುಣಕ್ಕೆ ಬೈಗುಳ ತಿಂದಿದ್ದೇನೆ. ಸ್ವೀಡನ್ನಿನಲ್ಲಿ ಇದರಿಂದಲೇ ಕೆಲಸ ಸಿಕ್ಕಿತೆಂದು ನನ್ನ ನಂಬಿಕೆ. ಕಾರ್ಲ್‌ಸ್ಟಾಡ್‌ಗೆ ಓದಲು ಬಂದವಳು ಭಾಷೆ ಕಲಿತು, ಒಂದರ ಹಿಂದೊಂದು ಪರೀಕ್ಷೆ ದಾಟಿ, ಈಗ ಗಿಜಿಗುಡುವ ವಿಮಾನ ನಿಲ್ದಾಣವೊಂದರ ಟವರಿನಲ್ಲಿ ಕೂತು ವಿಮಾನಗಳಿಗೆ ಏರು, ಇಳಿ, ನಿಲ್ಲು ಎನ್ನುತ್ತೇನೆ. ಯಾವುದನ್ನೂ ಸುಮ್ಮನೆ ನಂಬಬೇಡ ಎನ್ನುವುದು ಈ ಉದ್ಯೋಗದ ಮೊದಲ ಪಾಠ. ಆ ಒಂದು ಪಾಠ ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಅಣ್ಣತಮ್ಮಂದಿರು ಗದ್ದೆ ಹಂಚಿಕೊಂಡಂತೆ ನಾವು ಆಕಾಶ ಹಂಚಿಕೊಂಡಿದ್ದೇವೆ. ರನ್‌ವೇ ಮತ್ತು ಅದರ ಸುತ್ತಲಿನ ಒಂದಿಷ್ಟು ಆಕಾಶ ನನ್ನದು. ಅದರಾಚೆಯದು, ದೂರದಿಂದ ಬರುವ ವಿಮಾನಗಳನ್ನು ಸಾಲು ಹಿಡಿಸಿ ನನ್ನ ಕಡೆ ಕಳಿಸುವವರದು. ಅವರು ಕೂರುವುದು ಬೇರೆ ಕಟ್ಟಡದಲ್ಲಿ. ನಡುವೆ ಒಂದು ಫೋನ್ ಲೈನು ಮಾತ್ರ. ಇಳಿಯುವ ಎರಡು ವಿಮಾನಗಳ ಮಧ್ಯೆ ಜಾಗ ಬಿಟ್ಟುಕೊಡಿ ಎಂದು ನಾನು ಕೇಳಬೇಕು, ಅವರು ಒಪ್ಪಬೇಕು, ಆಗ ನಾನು ಆ ಸಂದಿಯಲ್ಲಿ ಒಂದನ್ನು ಹಾರಿಸಬೇಕು.

ಕಳೆದ ಚಳಿಗಾಲದಲ್ಲಿ ಆ ಕಡೆಗೆ ಯೋರಾನ್ ಎಂಬಾತ ಹೊಸದಾಗಿ ಬಂದ. ದೂರದ ಉತ್ತರದ ಊರಿನವನಂತೆ. ಮೊದಲ ದಿನ ಜಾಗ ಕೇಳಿದೆ. "ಶುಪ್" ಎಂದು ಗಾಳಿ ಒಳಗೆಳೆದುಕೊಂಡ ಸದ್ದು ಬಂತು. ಮತ್ತೆ ಕೇಳಿದೆ. ಮತ್ತೆ "ಶುಪ್". ನಮ್ಮೂರಲ್ಲಿ ಯಾರಾದರೂ ಹಾಗೆ ಮಾಡಿದರೆ ಒಂದೋ ಹಸಿಮೆಣಸು ಕಚ್ಚಿರುತ್ತಾರೆ, ಇಲ್ಲವೇ ಎದುರಿನವರನ್ನು ಕಂಡರೆ ಆಗುವುದಿಲ್ಲ. ಸ್ವೀಡನ್ನಿನವನು ಮೆಣಸು ಕಚ್ಚಿರುವ ಸಂಭವ ಕಡಿಮೆ. ಹಾಗಾಗಿ ಎರಡನೆಯದೇ ಎಂದು ತೀರ್ಮಾನಿಸಿದೆ. ಹೊರಡಬೇಕಿದ್ದ ವಿಮಾನವನ್ನು ತಡೆದು ನಿಲ್ಲಿಸಿದೆ. ರಾಡಾರಿನಲ್ಲಿ ನೋಡಿದರೆ ನಾನು ಕೇಳಿದಷ್ಟೇ ಜಾಗ ತೆರೆದುಕೊಂಡಿತ್ತು! ಇದರಲ್ಲೇನೋ ಮಸಲತ್ತಿದೆ ಅನ್ನಿಸಿ, ಇನ್ನೂ ಬಿಗಿಯಾಗಿ ಕೂತೆ. ದಿನಕಳೆದಂತೆ ಆ ಜಾಗಗಳೂ ಕಿರಿದಾದವು. ಕೆಳಗೆ ವಿಮಾನಗಳು ರೇಷನ್ ಅಂಗಡಿಯ ಮುಂದಿನ ಹಾಗೆ ಸಾಲುಗಟ್ಟಿದವು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಪ್ರಸಾದ್ ವೆಸ್ಟೆರಾಸ್‌ನಲ್ಲಿ ಎಂಜಿನಿಯರು, ಎಲ್ಲಕ್ಕೂ ಸರಳ ಪರಿಹಾರ ಇದೆಯೆಂದು ನಂಬಿದ ಜಾತಿ.

"ಡೈರೆಕ್ಟಾಗಿ ಕೇಳಿಬಿಡು ವಿನಯಾ, ಏನಪ್ಪಾ ನಿನ್ ಪ್ರಾಬ್ಲಮ್ಮು ಅಂತ."

"ಕೇಳಿದ್ರೆ ನಿಜ ಹೇಳ್ತಾನೆ ಅಂತ ಏನ್ ಗ್ಯಾರಂಟಿ?"

"ಹಾಗಾದ್ರೆ ನಿನ್ ಪ್ರಾಬ್ಲಮ್ಮೇ ದೊಡ್ಡದು," ಎಂದು ಅವನು ಪಾತ್ರೆ ತೊಳೆಯಲು ಹೋದ.

ಕೊನೆಗೊಂದು ಮಧ್ಯಾಹ್ನ, ದಟ್ಟಣೆಯ ಹೊತ್ತಿನಲ್ಲಿ, ಯೋರಾನನೇ ಕರೆದ. ನೀನು ಮುಂದಿನದನ್ನು ಹಾರಿಸುವ ಮೊದಲು ನಾನೊಂದನ್ನು ಬೇಗ ಇಳಿಸಲಾ ಎಂದು ಕೇಳಿದ. ಇದರ ಹಿಂದೆ ಏನು ಹೂಟವಿದೆಯೋ ಎಂದು ಯೋಚಿಸುತ್ತ ನಾನು "ಹೂಂ..." ಎಂದೆ. ಲೈನು ಕಡಿದುಹೋಯಿತು. ಉತ್ತರವನ್ನೇ ಕೇಳದೆ ಇಟ್ಟ ಎಂದುಕೊಂಡು, ನನ್ನ ವಿಮಾನಕ್ಕೆ ಹೊರಡಲು ಅನುಮತಿ ಕೊಟ್ಟೆ. ಅದು ಓಟ ಶುರುಮಾಡುವಷ್ಟರಲ್ಲಿ ಯೋರಾನನ ವಿಮಾನ ಇಳಿಯುತ್ತ ಹತ್ತಿರವೇ ಬಂದಿತ್ತು. ಇಳಿಯಬೇಡ, ಮೇಲೇರು ಎಂದು ತಕ್ಷಣ ಹೇಳಿದೆ; ಪೈಲಟ್ ಏರಿಸಿ, ಸುತ್ತು ಹೊಡೆದು, ಆಮೇಲೆ ಸುಖವಾಗಿ ಇಳಿಸಿದ. ಯಾರಿಗೂ ಏನೂ ಆಗಲಿಲ್ಲ.

ಮರುದಿನ ಮೇಲಧಿಕಾರಿ ಬಿರ್ಗಿಟ್ಟಾ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಮಾತುಕತೆಯ ಧ್ವನಿಮುದ್ರಣ ಹಾಕಿದಳು. ನಾನು ಖಳನಾಯಕನೆಂದು ಕಲ್ಪಿಸಿಕೊಂಡಿದ್ದವನು ನೋಡಿದರೆ ಕೆಂಪು ಕಿವಿಯ, ಸಂಕೋಚದ ಉದ್ದನೆಯ ಮನುಷ್ಯ. ನಿನ್ನೆಯ "ಹೂಂ" ಕೇಳಿಸಿತು. "ಇದರ ಅರ್ಥವೇನು?" ಎಂದಳು ಬಿರ್ಗಿಟ್ಟಾ.

"ಹೌದು ಅಂತ," ಎಂದೆ. "ಕೆಲವು ಸಲ, ಕೇಳಿಸಿಕೊಳ್ತಿದ್ದೀನಿ ಅಂತ. ಕೆಲವು ಸಲ, ನೋಡೋಣ ಅಂತ."

"ನಿನ್ನೆ?"

"ನಿನ್ನನ್ನು ನಂಬಲ್ಲ ಅಂತ."

ಆಮೇಲೆ ಹಳೆಯ ಮುದ್ರಣ. "ಶುಪ್". ಈಗ ಯೋರಾನನ ಸರದಿ. "ಹೌದು ಅಂತ," ಎಂದ ಅವನು ಪಾಪ. "ನಮ್ಮ ಕಡೆ ಹೌದು ಅನ್ನೋದೇ ಹೀಗೆ. ನಾನು ಪ್ರತಿ ಸಲ ಜಾಗ ಬಿಟ್ಟೆ, ನೀನು ಬಳಸಲೇ ಇಲ್ಲ. ನನ್ನನ್ನು ಪರೀಕ್ಷೆ ಮಾಡ್ತಿದ್ದೀಯ ಅಂದುಕೊಂಡೆ."

ಇಷ್ಟು ವರ್ಷ ಈ ದೇಶದಲ್ಲಿದ್ದು, ಉಸಿರಿನಲ್ಲೇ ಹೌದೆನ್ನುವ ಜನರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು.

"ಇಬ್ಬರೂ ಬಾಯಿಬಿಟ್ಟು ಮಾತಾಡಿ," ಎಂದಳು ಬಿರ್ಗಿಟ್ಟಾ. "ಹೇಳಿದ್ದನ್ನು ತಿರುಗಿ ಹೇಳಿ. ನಿಯಮ ಇರೋದೇ ಅದಕ್ಕೆ. ಉಸಿರಾಟ ನಿಮ್ಮ ಸ್ವಂತ ವಿಷಯ."

ಫೀಕಾಗೆ, ಅಂದರೆ ಇಲ್ಲಿಯವರ ಕಾಫಿ ಬಿಡುವಿಗೆ, ಇಬ್ಬರೂ ಒಟ್ಟಿಗೆ ಕೂತೆವು. ಕಾಫಿ ಜೊತೆಗೆ ದಾಲ್ಚಿನ್ನಿ ಬನ್ನು ತಿನ್ನುತ್ತ ಅವನು ತನ್ನ ನಾಯಿಯ ಕಥೆ ಹೇಳಿದ. ಇಷ್ಟು ಒಳ್ಳೆಯ ಮನುಷ್ಯನ ಜೊತೆಗಿನ ಪಾಳಿ ನನಗೆ ಬೇಡವೆಂದು ವಾರದ ಹಿಂದೆ ಬರೆದುಕೊಟ್ಟಿದ್ದೆನಲ್ಲ ಎಂದು ನಾಚಿಕೆಯಾಗಿ, ಅದನ್ನು ಹಿಂಪಡೆಯಲು ಬಿರ್ಗಿಟ್ಟಾಳ ಬಳಿ ಓಡಿದೆ. "ತಡವಾಯಿತು," ಎಂದಳು. "ಅವನೂ ಅದನ್ನೇ ಬರೆದುಕೊಟ್ಟಿದ್ದ. ಇಬ್ಬರದ್ದೂ ಮಂಜೂರಾಗಿದೆ."

ಈಗ ಆ ಕಡೆ ಕೂರುವುದು ದಕ್ಷಿಣದ ಊರಿನ ಒಬ್ಬ ಹುಡುಗಿ. ಕೇಳಿದ್ದಕ್ಕೆಲ್ಲ ಗಂಟೆ ಬಾರಿಸಿದ ಹಾಗೆ "ಹೌದು, ಖಂಡಿತ" ಅನ್ನುತ್ತಾಳೆ. ಕೇಳಿದಷ್ಟು ಜಾಗ ಕೊಡುತ್ತಾಳೆ. ಎರಡು ವಾರದಿಂದ ನೋಡುತ್ತಿದ್ದೇನೆ. ಇಷ್ಟು ಸಲೀಸಾಗಿ ಒಪ್ಪುತ್ತಾಳೆಂದರೆ, ಇವಳ ಮನಸ್ಸಿನಲ್ಲಿ ಏನೋ ಇದೆ.